ಮೈಕ್ ಸೆಟ್ಟಿನ ಆಯುಸ್ಸು

ತುಮಕೂರು ಸೀಮೆಯ ಹಳ್ಳಿಗಳಲ್ಲಿ ಆಂಪ್ಲಿಫೈಯರ್ ಎಂದು ಬಿಡಿಯಾಗಿ ಹೇಳುವುದು ಕಡಿಮೆ, ಬಾಯಿಗೆ ಬರುವುದು ‘ಮೈಕ್ ಸೆಟ್’ ಎಂದೇ. ಮೈಕು, ಆಂಪ್ಲಿಫೈಯರು, ಒಂದು ಜೊತೆ ಹಾರ್ನು, ಹಾರ್ನಿನ ಬೆನ್ನಿಗೆ ತಿರುಗಿಸುವ ಯೂನಿಟ್ಟು, ಸಿಂಬೆ ಸುತ್ತಿದ ವೈರು, ಬ್ಯಾಟರಿ, ಇಷ್ಟನ್ನೂ ಹೊತ್ತು ತಂದು ಮರಕ್ಕೋ ಕಂಬಕ್ಕೋ ಕಟ್ಟಿ ಬೆಳಗಿನವರೆಗೆ ಕಾಯುವ ಆಳು, ಎಲ್ಲ ಕೂಡಿದರೆ ಒಂದು ಸೆಟ್ಟು. ಯಂತ್ರದ ಜೊತೆಗೆ ಅದನ್ನು ಸಾಕುವವನನ್ನೂ ಎಣಿಸಿಕೊಂಡ ಹೆಸರಿದು. ಈಚೆಗೆ ಬೇಸ್ ಗಿಟಾರ್ ನುಡಿಸುವ ಹುಡುಗರು ಗಾಜಿನ ಬುಡ್ಡಿಯ ಹಳೇ ವಾಲ್ವ್ ಆಂಪ್ಲಿಫೈಯರ್ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕುತ್ತಾರೆ, ಅದರ ನಾದಕ್ಕೆ ಬೇರೆಯೇ ತೂಕವಿದೆ ಎನ್ನುತ್ತಾರೆ. ನಾದದ ವಿಚಾರಕ್ಕೆ ಆಮೇಲೆ ಬರೋಣ. ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟು: ವಾಲ್ವ್ ಆಂಪ್ಲಿಫೈಯರ್ ಈ ಸೀಮೆಯಲ್ಲಿ ಬಾಳಿದ್ದು ಅದರ ನಾದದ ಬಲದಿಂದಲ್ಲ, ಬಿಚ್ಚಿ ನೋಡಿ ರಿಪೇರಿ ಮಾಡಬಲ್ಲ ಕೈಗಳು ಸುತ್ತಲೂ ಇದ್ದುದರಿಂದ. ಆದ್ದರಿಂದ ಹಳೆಯದೊಂದನ್ನು ಕೊಳ್ಳುವವನು ಪೆಟ್ಟಿಗೆಯ ಜೊತೆಗೆ ಒಂದು ಕಸುಬನ್ನೂ ಕೊಳ್ಳುತ್ತಾನೆ, ಆ ಕಸುಬು ಇನ್ನೂ ಉಳಿದಿದ್ದರೆ.

ಮೈಕು ಬರುವ ಮೊದಲು ಇಲ್ಲಿನ ರಂಗಭೂಮಿ ಕಂಠವನ್ನೇ ನಂಬಿತ್ತು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ಬೆಂಗಳೂರಿನಿಂದ ತುಮಕೂರಿಗೆ ರೈಲು ಓಡಿದ್ದೂ ಅದೇ ವರ್ಷ. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ಊರೂರು ತಿರುಗುವ ಕಂಪನಿಗೆ ಪರದೆ, ಸೀನು, ಪೆಟ್ಟಿಗೆ, ಪಾತ್ರೆಪಡಗಗಳನ್ನು ಸಾಗಿಸುವ ದಾರಿ ಬೇಕು. ದಾರಿಯಲ್ಲಿ ಮುರಿದದ್ದನ್ನು ಕ್ಯಾಂಪಿನಲ್ಲೇ ಜೋಡಿಸಿಕೊಳ್ಳುವ ಜನವೂ ಬೇಕು. ಬಾಲ್ಯದಲ್ಲೇ ಕಂಪನಿ ಸೇರಿದ್ದ ಗುಬ್ಬಿ ವೀರಣ್ಣನವರು 1917ರಲ್ಲಿ ಅದರ ಒಡೆಯರಾದ ಮೇಲೆ ರಂಗಸಜ್ಜಿಕೆಯ ವೈಭವ ಎಷ್ಟು ಬೆಳೆಯಿತೆಂದರೆ, 1930ರ ದಶಕದ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ಅಷ್ಟೆಲ್ಲ ವೈಭವದ ನಡುವೆಯೂ ಮಾತು ಮಾತ್ರ ನಟನ ಗಂಟಲಿನಿಂದಲೇ ಹೊರಡಬೇಕಿತ್ತು. ಕಾಲು ಹಾರ್ಮೋನಿಯಮ್ಮಿನ ಏರು ಶ್ರುತಿ, ಎಳೆದು ನಿಲ್ಲಿಸುವ ಮಾತಿನ ಧಾಟಿ, ಸಭೆಗೆ ಎದುರಾಗಿಯೇ ನಿಂತು ಹಾಡುವ ರೀತಿ, ಇವನ್ನು ಕಂಪನಿ ಶೈಲಿ ಎಂದು ಕರೆದು ಆಮೇಲಿನವರು ನಕ್ಕದ್ದುಂಟು. ನೆಲದ ಮೇಲೆ ಕೂತ ಕೊನೆಯ ಸಾಲಿನವನಿಗೂ ಮಾತು ಕೇಳಿಸಬೇಕೆಂಬ ಲೆಕ್ಕ ಆ ಶೈಲಿಯ ಹಿಂದಿತ್ತು. ದೂರ ಇಮ್ಮಡಿಯಾದರೆ ಬಯಲಿನಲ್ಲಿ ಧ್ವನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಈ ನಿಯಮ ಪುಸ್ತಕದಲ್ಲಿ ಓದದವರಿಗೂ ಗಂಟಲಿನ ಮೂಲಕ ಗೊತ್ತಿತ್ತು.

ವಾಲ್ವ್ ಆಂಪ್ಲಿಫೈಯರ್ ಈ ಲೋಕಕ್ಕೆ ಮೊದಲು ಕಾಲಿಟ್ಟದ್ದು ಎದುರಾಳಿಯಾಗಿ. 1934ರಲ್ಲಿ ‘ಸತಿ ಸುಲೋಚನ’ ತೆರೆಕಂಡು ಕನ್ನಡ ಸಿನಿಮಾ ಮಾತಾಡಿತು. ಮರುವರ್ಷ ವೀರಣ್ಣನವರ ‘ಸದಾರಮೆ’ಯೂ ತೆರೆಗೆ ಬಂತು. ಟಾಕೀಸಿನ ತೆರೆಯ ಹಿಂದೆ ನಟನೂ ಇರಲಿಲ್ಲ, ಹಾರ್ಮೋನಿಯಂ ಮೇಷ್ಟರೂ ಇರಲಿಲ್ಲ. ಫಿಲ್ಮಿನ ಅಂಚಿನ ಗೆರೆಯನ್ನು ಓದಿ ಗಾಜಿನ ಬುಡ್ಡಿಗಳು ಹಿಗ್ಗಿಸಿದ ಧ್ವನಿಯಷ್ಟೇ ಇತ್ತು. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ‘ಆಕಾಶವಾಣಿ’ ಶುರುಮಾಡಿದಾಗ ಆ ಪ್ರೇಷಕದ ಶಕ್ತಿ ಬರೀ 30 ವ್ಯಾಟ್, ಮುಂದೆ ಹಳ್ಳಿಯ ಸಾಧಾರಣ ಮೈಕ್ ಸೆಟ್ಟಿಗೂ ಹೆಚ್ಚುಕಡಿಮೆ ಅಷ್ಟೇ. ಅಮೆರಿಕದಲ್ಲಿ ಆರ್‌ಸಿಎ ಕಂಪನಿ 6ಎಲ್6 ಎಂಬ ವಾಲ್ವನ್ನು ಹೊರತಂದದ್ದು 1936ರಲ್ಲಿ. ಒಂದು ಜೋಡಿ ಹಾಕಿದರೆ ದೊಡ್ಡ ಸಭೆಗೆ ಸಾಲುವಷ್ಟು ಶಕ್ತಿ ಕೊಡುವ ಈ ವಾಲ್ವು ಲೋಕದ ಧ್ವನಿವರ್ಧಕಗಳ ಎತ್ತಾಯಿತು. ಸ್ವಾತಂತ್ರ್ಯ ಚಳವಳಿಯ ಸಭೆಗಳ ಚಿತ್ರಗಳಲ್ಲಿ ನಾಯಕರ ಮುಂದಿನ ಮೈಕಿನ ಮೇಲೆ ಕಾಣುವ ‘ಚಿಕಾಗೊ ರೇಡಿಯೊ’ ಎಂಬ ಹೆಸರು ಮುಂಬಯಿಯ ಮೋಟವಾನೆ ಮನೆತನದ ಸಂಸ್ಥೆಯದು. ದೆಹಲಿಯ ಅಹುಜಾ ಸಂಸ್ಥೆ 1940ರಲ್ಲಿ ಶುರುವಾಯಿತು. ಸಿನಿಮಾ, ರೇಡಿಯೊ, ರಾಜಕೀಯ ಸಭೆ ಈ ಮೂರು ಬಾಗಿಲುಗಳಿಂದ ಒಳಬಂದ ಯಂತ್ರ ಕಡೆಗೆ ನಾಟಕದ ರಂಗಕ್ಕೂ ಜಾತ್ರೆಯ ಬಯಲಿಗೂ ಇಳಿಯಿತು.

ಇಳಿದದ್ದು ಬಾಡಿಗೆಯ ವಸ್ತುವಾಗಿ ಎಂಬುದು ನನ್ನ ವಾದಕ್ಕೆ ಮುಖ್ಯ. ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆ, ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ತೇರು, ಶಿವರಾತ್ರಿಯ ಹೊತ್ತಿಗೆ ಸೇರುವ ಸಿದ್ಧಗಂಗೆಯ ದನಗಳ ಜಾತ್ರೆ, ಸುಗ್ಗಿ ಮುಗಿದ ಮೇಲೆ ಊರಿನವರೇ ಬಣ್ಣ ಹಚ್ಚಿ ಆಡುವ ಕುರುಕ್ಷೇತ್ರ ನಾಟಕ, ಮದುವೆ, ಚುನಾವಣೆ: ಯಾವುದೂ ವರ್ಷಪೂರ್ತಿ ನಡೆಯುವಂಥದ್ದಲ್ಲ. ಹಳ್ಳಿಯೊಂದು ತನಗಾಗಿ ಆಂಪ್ಲಿಫೈಯರ್ ಕೊಂಡು ಇಟ್ಟುಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಡ್ರಾಮಾ ಸೀನರಿಯನ್ನೂ ಕಿರೀಟ ಭುಜಕೀರ್ತಿಗಳನ್ನೂ ಬಾಡಿಗೆಗೆ ತರುವ ಪದ್ಧತಿ ಇದ್ದೇ ಇತ್ತು, ಮೈಕು ಅದೇ ಪಟ್ಟಿಗೆ ಸೇರಿತು. ಬಾಡಿಗೆಯ ವಸ್ತುವಿಗೆ ಒಂದು ಗುಣವಿದೆ. ಅದು ಕೆಟ್ಟು ಕೂತ ದಿನ ಒಡೆಯನ ಸಂಪಾದನೆಯೂ ಕೂರುತ್ತದೆ, ನಡುರಾತ್ರಿ ದುರ್ಯೋಧನನ ಪದದ ನಡುವೆ ಕೆಟ್ಟರೆ ಮಾನವೂ ಹೋಗುತ್ತದೆ. ಆದ್ದರಿಂದ ಸೆಟ್ಟಿನವನು ಬೇಕೋ ಬೇಡವೋ ಅರ್ಧ ಮೆಕ್ಯಾನಿಕ್ ಆಗಲೇಬೇಕಾಯಿತು. ಸವೆದ ಸೆಟ್ಟನ್ನು ಇನ್ನೊಬ್ಬರಿಗೆ ದಾಟಿಸುವುದೂ ಇಲ್ಲಿ ಹೊಸದಾಗಿರಲಿಲ್ಲ. ಮುಚ್ಚಿದ ಕಂಪನಿಯ ಪರದೆಗಳು ಇನ್ನೊಂದು ಕಂಪನಿಯ ರಂಗದ ಮೇಲೆ ಏಳುತ್ತಿದ್ದ ನಾಡಿದು. ಹಳೇ ಸಾಮಾನು ಎಂದರೆ ಕೀಳು ಸಾಮಾನು ಎಂಬ ಎಣಿಕೆ ನಾಟಕದವರಲ್ಲಿ ಬೇರೂರಿರಲಿಲ್ಲ.

ಎರಡನೆಯ ಕಾರಣ ಭೂಗೋಳದ್ದು. ಬೆಂಗಳೂರಿನ ಜಾಲಹಳ್ಳಿಯಲ್ಲಿ, ತುಮಕೂರು ರಸ್ತೆಗೆ ಸಮೀಪದಲ್ಲೇ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. ಸೈನ್ಯಕ್ಕೆ ಸಂಪರ್ಕ ಸಾಧನ ಮಾಡಲೆಂದು ಹುಟ್ಟಿದ ಈ ಕಾರ್ಖಾನೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ತಾಂತ್ರಿಕ ಸಹಯೋಗದಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಇಸಿಸಿ83, ಇಎಲ್84 ಮುಂತಾದ ಯೂರೋಪಿನ ನಂಬರುಗಳು ಬಿಇಎಲ್ ಮುದ್ರೆ ಹೊತ್ತು ಬಂದವು. ವಿದೇಶಿ ಸಾಮಾನು ತರಿಸುವುದು ಲೈಸೆನ್ಸಿನ ಕಾಲದಲ್ಲಿ ಎಷ್ಟು ಕಷ್ಟವಿತ್ತೆಂದು ಬಲ್ಲವರಿಗೆ ಇದರ ಬೆಲೆ ತಿಳಿದೀತು. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರಿನ ಒಳಗೆ ವಾಲ್ವು ಹುಟ್ಟುತ್ತಿತ್ತು, ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳು ಹೊಸ ಹಳೆಯ ಬಿಡಿಭಾಗಗಳ ಉಗ್ರಾಣವಾಗಿದ್ದವು. ಆದರೆ ಅದೇ ಕಾರ್ಖಾನೆ ಮರುವರ್ಷ, 1962ರಲ್ಲಿ, ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನೂ ಆರಂಭಿಸಿತು. ವಾಲ್ವಿಗೆ ಊಟ ಹಾಕಿದ ಮನೆಯಲ್ಲೇ ಅದರ ದಾಯಾದಿ ಟ್ರಾನ್ಸಿಸ್ಟರೂ ಹುಟ್ಟಿದ ಹಾಗಾಯಿತು. ವಾಲ್ವಿನಿಂದ ಟ್ರಾನ್ಸಿಸ್ಟರಿಗೆ ಪಶ್ಚಿಮದಲ್ಲಿ ನಲವತ್ತು ವರ್ಷ ಹಿಡಿದ ಪಯಣ ಜಾಲಹಳ್ಳಿಯ ಬೇಲಿಯೊಳಗೆ ಒಂದೇ ವರ್ಷದ ಅಂತರದಲ್ಲಿ ಮುಗಿಯಿತು. ಹಾಗಿದ್ದೂ ಹಳ್ಳಿಯ ಸೆಟ್ಟುಗಳಲ್ಲಿ ವಾಲ್ವು ಬಹುಕಾಲ ಉಳಿಯಿತು ಎಂದರೆ, ಕಾರಣವನ್ನು ಕಾರ್ಖಾನೆಯಾಚೆ ಹುಡುಕಬೇಕು.

ಕಾರಣ ಯಂತ್ರದ ಒಳಗೇ ಇದೆ. ವಾಲ್ವ್ ಆಂಪ್ಲಿಫೈಯರಿನ ತಗಡಿನ ಷಾಸಿಯನ್ನು ಮಗುಚಿದರೆ ಅದರ ಕೆಲಸ ಕಣ್ಣಿಗೆ ಕಾಣುತ್ತದೆ. ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಮನೆಯ ಕರೆಂಟನ್ನು ಒಂದೆಡೆ 6.3 ವೋಲ್ಟಿಗೆ ಇಳಿಸಿ ವಾಲ್ವಿನ ಎಳೆಯನ್ನು ಕಾಯಿಸುತ್ತದೆ, ಇನ್ನೊಂದೆಡೆ ಮುನ್ನೂರು ನಾನ್ನೂರು ವೋಲ್ಟಿಗೆ ಏರಿಸಿ ಪ್ಲೇಟಿಗೆ ಉಣಿಸುತ್ತದೆ. ಕಾದ ಎಳೆ ಕೆಂಪಗೆ ಮಿನುಗದಿದ್ದರೆ ವಾಲ್ವು ಸತ್ತಿತು. ಒಳಗಿನ ಬೆಳ್ಳಿಬಣ್ಣದ ಲೇಪ ಹಾಲಿನಂತೆ ಬಿಳುಚಿದ್ದರೆ ಗಾಜು ಬಿರಿದು ಗಾಳಿ ಹೊಕ್ಕಿದೆ. ಪ್ಲೇಟೇ ಕೆಂಡವಾದರೆ ಬಯಾಸ್ (ವಾಲ್ವಿನ ಹರಿವನ್ನು ಹದದಲ್ಲಿಡುವ ವೋಲ್ಟೇಜು) ತಪ್ಪಿದೆ, ಇಲ್ಲವೇ ಹಿಂದಿನ ಕಂಡೆನ್ಸರ್ ಸೋರುತ್ತಿದೆ. ಗುಂಯ್ ಎಂಬ ಹಮ್ಮಿಂಗ್ ಜೋರಾದರೆ ಫಿಲ್ಟರ್ ಕಂಡೆನ್ಸರ್ ಒಣಗಿದೆ. ಬೆರಳಿನಿಂದ ತಟ್ಟಿದಾಗ ಹಾರ್ನಿನಲ್ಲಿ ಟಂಯ್ ಎಂದರೆ ಆ ವಾಲ್ವಿನ ಒಳಭಾಗ ಸಡಿಲವಾಗಿದೆ. ಕಾಯಿಲೆ ಇಲ್ಲಿ ಕಣ್ಣು, ಕಿವಿ, ಮೂಗಿಗೆ ಸಿಗುತ್ತದೆ. ವಾಲ್ವು ಸಾಕೆಟ್ಟಿನಲ್ಲಿ ಕೂರುವುದರಿಂದ ಬಲ್ಬು ಬದಲಾಯಿಸಿದಂತೆ ಕಿತ್ತು ಹಾಕಬಹುದು. ಬೋರ್‌ವೆಲ್ಲುಗಳ ಈ ಸೀಮೆಯಲ್ಲಿ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿಗಳಿಗೆ ಕೊರತೆಯಿಲ್ಲ, ತಾಮ್ರದ ತಂತಿಯ ಗೇಜು ಬಲ್ಲ ಕೈಗೆ ಸುಟ್ಟ ಪವರ್ ಟ್ರಾನ್ಸ್‌ಫಾರ್ಮರ್ ಸುತ್ತುವುದು ಪರಕೀಯ ವಿದ್ಯೆಯಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮಾತ್ರ ಬೇರೆ ಜಾತಿ. ಅದರಲ್ಲಿ ಪ್ರೈಮರಿ ಸೆಕೆಂಡರಿಗಳನ್ನು ಪದರ ಪದರವಾಗಿ ಒಂದರೊಳಗೊಂದು ಹೆಣೆಯಬೇಕು, ಸುತ್ತು ತಪ್ಪಿದರೆ ಧ್ವನಿಯೇ ಕೆಡುತ್ತದೆ.

ಸೆಟ್ಟನ್ನು ಬಾಳಿಸುವುದು ರಿಪೇರಿಯೇ ಎಂಬುದನ್ನು ಒಪ್ಪಿದರೆ, ಹಳೇ ವಾಲ್ವ್ ಸೆಟ್ಟನ್ನು ಕೊಳ್ಳುವಾಗ ಏನನ್ನು ನೋಡಬೇಕೆಂಬುದೂ ಅದರಿಂದಲೇ ಹೊರಡುತ್ತದೆ. ಹೊರಗಿನ ಬಣ್ಣ, ತುಕ್ಕು, ಮುರಿದ ನಾಬುಗಳು ಲೆಕ್ಕಕ್ಕಿಲ್ಲ. ಎರಡು ಟ್ರಾನ್ಸ್‌ಫಾರ್ಮರುಗಳು ಮೂಲದವೇ, ಸುಟ್ಟ ವಾಸನೆ ಇಲ್ಲವೇ, ಮೇಣ ಕರಗಿ ಸೋರಿಲ್ಲವೇ ಎಂಬುದು ಮೊದಲ ಪ್ರಶ್ನೆ; ಬೆಲೆಯ ಬಹುಪಾಲು ಆ ಕಬ್ಬಿಣ ತಾಮ್ರದಲ್ಲೇ ಇದೆ. ವಾಲ್ವುಗಳು ಸವೆಯುವ ವಸ್ತು, ಸವೆದಿವೆ ಎಂದುಕೊಂಡೇ ಬೆಲೆ ಕಟ್ಟಬೇಕು. ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ದಶಕಗಳಾಗಿದ್ದರೆ ನೋಡುವುದಕ್ಕೆ ಚೆನ್ನಾಗಿದ್ದರೂ ಬದಲಾಗಲೇಬೇಕು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಸೆಟ್ಟಿಗೆ ಒಮ್ಮೆಲೇ ಪೂರ್ತಿ ಕರೆಂಟು ಕೊಡಬಾರದು. ಬಲ್ಬನ್ನು ಸರಣಿಯಲ್ಲಿ ಜೋಡಿಸಿಯೋ, ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಲೋ ಎಬ್ಬಿಸಬೇಕು. ಸ್ಪೀಕರ್ ಜೋಡಿಸದೆ ವಾಲ್ವ್ ಸೆಟ್ಟನ್ನು ಜೋರಾಗಿ ಓಡಿಸಿದರೆ ಹೋಗಲು ದಾರಿಯಿಲ್ಲದ ಶಕ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ತಿನ್ನುತ್ತದೆ. ಟ್ರಾನ್ಸಿಸ್ಟರ್ ಸೆಟ್ಟಿಗೆ ಹೆದರಿಕೆ ಇರುವುದು ತಂತಿಗಳು ತಾಗಿ ಶಾರ್ಟ್ ಆಗುವುದರ ಬಗ್ಗೆ, ವಾಲ್ವ್ ಸೆಟ್ಟಿಗೆ ತಂತಿ ಕಳಚಿಹೋಗುವುದರ ಬಗ್ಗೆ. ಅರ್ತಿಂಗ್ ಇಲ್ಲದ ಎರಡು ಪಿನ್ನಿನ ಹಳೇ ವೈರನ್ನು ತೆಗೆದು ಮೂರು ಪಿನ್ನಿನದು ಹಾಕಿಸಬೇಕು. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ, ಅದನ್ನು ಬರಿದು ಮಾಡದೆ ಕೈ ಹಾಕಬಾರದು. ಹಮ್ಮಿಂಗ್ ಕೇಳಿ ಕಂಡೆನ್ಸರಿನ ಹೆಸರು ಹೇಳುವುದು, ಮುಟ್ಟಬಾರದ ಕಡೆ ಕೈ ತಡೆಯುವುದು, ಎರಡೂ ಬರುವುದು ಬಿಚ್ಚಿ ಕಟ್ಟಿ ಪಳಗಿದವನ ಪಕ್ಕ ಕೂತು ಕಲಿತಾಗ.

ಬೇಸ್ ಆಂಪ್ಲಿಫೈಯರಿನ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಕೆಳಗಿನ ಸ್ವರ ಹೆಚ್ಚು ಕಬ್ಬಿಣವನ್ನು ಕೇಳುತ್ತದೆ. ಕಂಪನ ನಿಧಾನವಾದಷ್ಟೂ ಟ್ರಾನ್ಸ್‌ಫಾರ್ಮರಿನ ತಿರುಳು ದೊಡ್ಡದಿರಬೇಕು, ಇಲ್ಲದಿದ್ದರೆ ಅದು ಕಾಂತತೆಯಿಂದ ತುಂಬಿ ತುಳುಕಿ ಸ್ವರವನ್ನು ಒಡೆಯುತ್ತದೆ. ಅಮೆರಿಕದಲ್ಲಿ ಫೆಂಡರ್ ಸಂಸ್ಥೆ 1952ರಲ್ಲಿ ‘ಬಾಸ್‌ಮನ್’ ತಂದಾಗಿನಿಂದ 1969ರಲ್ಲಿ ಆಂಪೆಗ್ ಸಂಸ್ಥೆಯ 300 ವ್ಯಾಟಿನ ‘ಎಸ್‌ವಿಟಿ’ ಬರುವವರೆಗೂ ಬೇಸಿನ ಇತಿಹಾಸವೆಂದರೆ ತೂಕ ಏರಿದ ಇತಿಹಾಸ. ಎಸ್‌ವಿಟಿಯ ತಲೆಪೆಟ್ಟಿಗೆಯನ್ನು ಒಬ್ಬನೇ ಎತ್ತುವುದು ಕಷ್ಟ. ನಮ್ಮಲ್ಲಿನ ಮೈಕ್ ಸೆಟ್ಟು ಇದಕ್ಕೆ ತದ್ವಿರುದ್ಧ ಗುರಿಯದು. ಮಡಚಿದ ಕಹಳೆಯಂಥ ಹಾರ್ನು ಕೆಳಸ್ವರವನ್ನು ಬಿಟ್ಟುಕೊಟ್ಟು ಮನುಷ್ಯನ ಮಾತಿನ ನಡುಭಾಗವನ್ನು ಮಾತ್ರ ಹಿಡಿದು ಮೈಲುದೂರ ಎಸೆಯುತ್ತದೆ. ಅದರಿಂದಲೇ 30 ವ್ಯಾಟಿನಲ್ಲಿ ಇಡೀ ಊರಿಗೆ ಕೇಳುತ್ತಿತ್ತು. ತಬಲಾದ ಎಡದ ಗುಮಕವೂ ಹಾರ್ಮೋನಿಯಮ್ಮಿನ ಖರ್ಜವೂ ಆ ಕಹಳೆಯಲ್ಲಿ ಸೊರಗಿದವು, ಕಂದಪದ್ಯದ ಮಾತು ಉಳಿಯಿತು. ಆದ್ದರಿಂದ ಹಳೇ ಮೈಕ್ ಸೆಟ್ಟನ್ನು ಅಗ್ಗಕ್ಕೆ ಕೊಂಡು ಬೇಸ್ ಗಿಟಾರಿಗೆ ಹೂಡಲು ಹೊರಟವನು ಎತ್ತಿನ ಗಾಡಿಗೆ ಕುದುರೆ ಕಟ್ಟಿದಂತೆ. ವಾಲ್ವು ಒಂದೇ ಇದ್ದರೂ ಟ್ರಾನ್ಸ್‌ಫಾರ್ಮರ್ ಮಾತಿಗೆಂದು ಅಳೆದದ್ದು, ಹಾಡಿನ ತಳಪಾಯಕ್ಕೆಂದಲ್ಲ. ಅದನ್ನೇ ಬಳಸಬೇಕೆಂದರೆ ಸಣ್ಣ ಕೋಣೆಯಲ್ಲಿ, ಕಡಿಮೆ ಧ್ವನಿಯಲ್ಲಿ, ಕಹಳೆ ಬಿಟ್ಟು ಪೆಟ್ಟಿಗೆ ಸ್ಪೀಕರಿನ ಜೊತೆ ಬಳಸಬೇಕು. ಆ ಟ್ರಾನ್ಸ್‌ಫಾರ್ಮರಿನ 100 ವೋಲ್ಟ್ ಲೈನಿಗೂ ಮಾಮೂಲು ಸ್ಪೀಕರಿನ ಓಮ್ಸಿಗೂ ಇರುವ ವ್ಯತ್ಯಾಸ ತಿಳಿದವನಿಂದಲೇ ಜೋಡಣೆ ಮಾಡಿಸಬೇಕು.

ನನ್ನ ವಾದಕ್ಕೆ ಆಕ್ಷೇಪಗಳುಂಟು. ನಾದವೇ ಮುಖ್ಯ, ರಿಪೇರಿ ಆಮೇಲಿನದು ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಮಿತಿ ಮೀರಿದಾಗ ವಾಲ್ವು ಟ್ರಾನ್ಸಿಸ್ಟರಿನಂತೆ ಥಟ್ಟನೆ ಕತ್ತರಿಸದೆ ಮೆಲ್ಲಗೆ ಬಾಗುತ್ತದೆ, ಆ ಬಾಗಿನಲ್ಲಿ ಹುಟ್ಟುವ ಮೇಲಿನ ಸ್ವರಗಳು ಗಿಟಾರಿನವರಿಗೆ ಇಂಪು. ಆದರೆ ಅದು ಯಂತ್ರ ತನ್ನ ಕೆಲಸ ತಪ್ಪಿದಾಗ ಬರುವ ಇಂಪು. ನಾಟಕದ ಮಾತಿಗೆ, ದೇವಸ್ಥಾನದ ಸುಪ್ರಭಾತಕ್ಕೆ ಅದು ಬೇಕಿರಲಿಲ್ಲ; ಸೆಟ್ಟಿನವನು ಅದನ್ನು ದೋಷವೆಂದೇ ಎಣಿಸಿ ವಾಲ್ಯೂಮ್ ಇಳಿಸುತ್ತಿದ್ದ. ಕಹಳೆಯ ಮೂಲಕ ಹೊರಟ ಧ್ವನಿಯಲ್ಲಿ ವಾಲ್ವು ಯಾವುದು, ಟ್ರಾನ್ಸಿಸ್ಟರ್ ಯಾವುದು ಎಂದು ಊರಾಚೆಯ ತೋಟದಲ್ಲಿ ಕೂತವನು ಹೇಳಲಾರ. ಈ ಸೀಮೆಯ ಬಳಕೆಯಲ್ಲಿ ವಾಲ್ವನ್ನು ಉಳಿಸಿದ್ದು ನಾದ ಎನ್ನಲು ಆಧಾರ ಸಾಲದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ವಾಲ್ವ್ ಸೆಟ್ಟು ಭಾರ, ಕಾಯಲು ಹೊತ್ತು ಬೇಕು, ಬ್ಯಾಟರಿಯಿಂದ ಓಡಿಸಬೇಕೆಂದರೆ 6 ಅಥವಾ 12 ವೋಲ್ಟನ್ನು ಕಡಿದು ಕಡಿದು ಏರಿಸುವ ವೈಬ್ರೇಟರ್ ಬೇಕು, ಅದೂ ಆಗಾಗ ಕೆಡುತ್ತಿತ್ತು. ಟ್ರಾನ್ಸಿಸ್ಟರ್ ಸೆಟ್ಟು ಹಗುರ, ಬ್ಯಾಟರಿಗೆ ನೇರ ಸೇರುತ್ತದೆ, ಕರೆಂಟು ಬಾರದ ಹಟ್ಟಿಗೂ ಸೈಕಲ್ಲಿನ ಮೇಲೆ ಹೋಗುತ್ತದೆ. ಧ್ವನಿಯನ್ನು ಜನರ ಕೈಗೆ ಕೊಟ್ಟದ್ದು ಅದೇ ಅಲ್ಲವೇ? ಹೌದು, ಇದನ್ನು ಒಪ್ಪಲೇಬೇಕು. ನನ್ನ ವಾದ ವಾಲ್ವು ಮೇಲು ಎಂಬುದಲ್ಲ. ಮೊದಲ ತಲೆಮಾರಿನ ಟ್ರಾನ್ಸಿಸ್ಟರ್ ಸೆಟ್ಟುಗಳನ್ನೂ ಅದೇ ಕೈಗಳು ಅದೇ ಬೆಸುಗೆ ಕಡ್ಡಿಯಿಂದ ರಿಪೇರಿ ಮಾಡಿದವು, ಆದ್ದರಿಂದ ಅವೂ ಬಾಳಿದವು. ಬಿರುಕು ಬಿದ್ದದ್ದು ವಾಲ್ವು ಟ್ರಾನ್ಸಿಸ್ಟರುಗಳ ನಡುವೆಯಲ್ಲ, ಬಿಚ್ಚಬಹುದಾದ ಪೆಟ್ಟಿಗೆಗೂ ಬೋರ್ಡನ್ನೇ ಇಡಿಯಾಗಿ ಬದಲಿಸಬೇಕಾದ ಪೆಟ್ಟಿಗೆಗೂ ನಡುವೆ. ಇದಕ್ಕೆ ತುಮಕೂರಿನಲ್ಲೇ ಇನ್ನೊಂದು ನಿದರ್ಶನವಿದೆ. ಇಲ್ಲಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಮುಚ್ಚಿಹೋದ ಮೇಲೂ ಕೀಲಿ ಕೊಡುವ ಎಚ್‌ಎಂಟಿ ವಾಚುಗಳು ಕೈಯಿಂದ ಕೈಗೆ ಮಾರಾಟವಾಗುತ್ತಿವೆ, ಏಕೆಂದರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ವಾಚ್ ರಿಪೇರಿಯವರು ಇನ್ನೂ ಅಲ್ಲಲ್ಲಿ ಇದ್ದಾರೆ.

ಮೈಕು ಬಂದು ಕಂಠ ಕೆಟ್ಟಿತು, ಅಂಥ ಯಂತ್ರಕ್ಕೆ ಚರಿತ್ರೆ ಬೇಕೇ ಎಂಬ ಆಕ್ಷೇಪ ರಂಗಭೂಮಿಯವರದು. ರಂಗದ ಮುಂದೆ ತೂಗುಬಿಟ್ಟ ಒಂದೆರಡು ಮೈಕುಗಳ ಕೆಳಗೆ ಪಾತ್ರಗಳು ಬಂದು ನಿಲ್ಲಬೇಕಾಯಿತು, ಭೀಮನೂ ದುರ್ಯೋಧನನೂ ಗದೆ ಬಿಟ್ಟು ಮೈಕಿಗಾಗಿ ಹೋರಾಡಿದಂತೆ ಕಂಡಿತು. ಆದರೆ ಹಳ್ಳಿಯ ಹವ್ಯಾಸಿ ನಟ ವರ್ಷಕ್ಕೊಂದು ರಾತ್ರಿ ಕೃಷ್ಣನಾಗುವವನು. ಕಂಪನಿಯ ನಟನಿಗಿದ್ದ ವರ್ಷಗಳ ಸಾಧಕ ಅವನಿಗಿಲ್ಲ. ಮೈಕು ಇಲ್ಲದಿದ್ದರೆ ಅವನ ಮಾತು ಮೂರನೇ ಸಾಲನ್ನೂ ದಾಟುತ್ತಿರಲಿಲ್ಲ. ಕಂಪನಿಗಳು ಬಾಗಿಲು ಹಾಕಿದ ಮೇಲೂ ಕುಣಿಗಲ್ ಗುಬ್ಬಿಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಉಳಿದುಕೊಂಡದ್ದರಲ್ಲಿ ಬಾಡಿಗೆ ಸೆಟ್ಟಿನ ಪಾಲೂ ಇದೆ. ಗದ್ದಲದ ದೂರು ಮಾತ್ರ ನಿಜವಾದದ್ದು, ‘ಮೈಕಾಸುರ’ ಎಂಬ ಬೈಗುಳ ಸುಮ್ಮನೆ ಹುಟ್ಟಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಹಬ್ಬಹರಿದಿನಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ ನಡುರಾತ್ರಿಯವರೆಗೆ ಸಡಿಲಿಸಬಹುದು. ಕೋಳಿ ಕೂಗುವವರೆಗೆ ಆಡುವ ನಾಟಕಕ್ಕೆ ಈ ಗಡಿಯಾರ ಒಗ್ಗುವುದಿಲ್ಲ. ಆದರೆ ಇದು ಎಷ್ಟು ಜೋರು, ಎಷ್ಟು ಹೊತ್ತು ಎಂಬ ಪ್ರಶ್ನೆ. ಎಷ್ಟು ಜೋರೆಂದು ತೀರ್ಮಾನಿಸುವುದು ನಾಬಿನ ಮೇಲಿನ ಕೈ, ವಾಲ್ವಿಗೆ ಅದರಲ್ಲಿ ಪಾಪವಿಲ್ಲ.

ಈಗ ಜಾಲಹಳ್ಳಿಯ ವಾಲ್ವುಗಳು ಹಳೇ ದಾಸ್ತಾನಿನಲ್ಲಿ ಮಾತ್ರ ಸಿಗುತ್ತವೆ. ಹೊಸ ವಾಲ್ವು ಬೇಕೆಂದರೆ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ತಯಾರಾದದ್ದನ್ನು ತರಿಸಬೇಕು. ತರಿಸಬಹುದು, ಹಣವಿದ್ದರೆ ಅದು ಕಷ್ಟವಲ್ಲ. ಅಂಚೆಯಲ್ಲಿ ಬಾರದಿರುವುದು ಅದನ್ನು ಸಾಕೆಟ್ಟಿಗೆ ಹಾಕಿದ ಮೇಲೆ ಬಯಾಸ್ ನೋಡಿ ಸರಿಮಾಡುವ ಕೈ. ಹಳೇ ಸೆಟ್ಟು ಹುಡುಕುವವರು ಸಾಮಾನ್ಯವಾಗಿ ಮೊದಲು ಪೆಟ್ಟಿಗೆ ಕೊಳ್ಳುತ್ತಾರೆ, ಅದು ಕೆಟ್ಟಾಗ ರಿಪೇರಿಯವರನ್ನು ಹುಡುಕುತ್ತಾರೆ. ಈ ಸೀಮೆಯ ಚರಿತ್ರೆ ಅದನ್ನು ತಿರುಗುಮುರುಗು ಮಾಡಲು ಹೇಳುತ್ತದೆ: ತುಮಕೂರಿನ ಯಾವ ಗಲ್ಲಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವವರು ಉಳಿದಿದ್ದಾರೆ, ಕುಣಿಗಲ್ಲಿನಲ್ಲೋ ಗುಬ್ಬಿಯಲ್ಲೋ ವಾಲ್ವ್ ಸೆಟ್ಟು ಬಿಚ್ಚಿ ಕಟ್ಟಿದ ಅನುಭವ ಯಾರಿಗಿದೆ, ಅವರು ಹೇಳಿಕೊಡಲು ಸಿದ್ಧರಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಅವರು ಸಿಕ್ಕರೆ ತುಕ್ಕು ಹಿಡಿದ ಪೆಟ್ಟಿಗೆಗೂ ದುಡ್ಡು ಕೊಡಬಹುದು. ಸಿಗದಿದ್ದರೆ ಮಿರಮಿರ ಮಿನುಗುವ ಪೆಟ್ಟಿಗೆಯನ್ನೂ ಬಿಟ್ಟು ಬರುವುದೇ ಮೇಲು, ಏಕೆಂದರೆ ಈ ಸೀಮೆಯವರು ಸೆಟ್ಟು ಎಂದು ಕರೆದದ್ದರಲ್ಲಿ ಅರ್ಧ ಮಾತ್ರ ಅಲ್ಲಿ ಮಾರಾಟಕ್ಕಿರುತ್ತದೆ.